ಕೀ ತೆಗೆದ ಮೇಲೂ ಇಳಿಯದ ಮುಳ್ಳು

ಇದು ಯಾರೋ ಯಾರಿಗೋ ಹೇಳಿ ಕೈದಾಟಿ ಬಂದ ಕತೆಯಲ್ಲ. ನಮ್ಮ ದೊಡ್ಡಮ್ಮನ ಮಗಳು ಯಮುನಾಗೆ ಆದದ್ದು. ಹೋದ ಅಕ್ಟೋಬರಿನಲ್ಲಿ, ಒಂದು ಬುಧವಾರ ರಾತ್ರಿ, ಕಗ್ಗದಾಸಪುರದಲ್ಲಿ.

ಹನ್ನೊಂದು ಗಂಟೆ ದಾಟಿತ್ತು. ಯಮುನಾ ಕಾರು ನಿಲ್ಲಿಸಿ ಮನೆಗೆ ನಡೆದು ಬರುತ್ತಿದ್ದಳು. ಅವರ ಬೀದಿಯನ್ನು ಒಳಚರಂಡಿ ಪೈಪಿಗೆಂದು ಅಗೆದು ಎರಡು ತಿಂಗಳಾಗಿತ್ತು. ಕಾರು ಒಳಗೆ ಬರುವ ಹಾಗಿರಲಿಲ್ಲ. ಆಲದ ಮರದ ಆಚೆ ಒಂದು ಖಾಲಿ ಸೈಟಿದೆ. ಸುತ್ತ ತಗಡಿನ ಬೇಲಿ, ಮುಂದೆ ತಗಡಿನದೇ ಗೇಟು, ನೆಲಕ್ಕೆ ಜಲ್ಲಿ. ಬೀದಿಯ ಆರು ಮನೆಯವರು ಅಲ್ಲೇ ಕಾರು ನಿಲ್ಲಿಸುವುದು, ಆರು ಮನೆಗೂ ಗೇಟಿನ ಒಂದೊಂದು ಕೀ. ಅಲ್ಲಿಂದ ಮನೆಗೆ ಏಳೆಂಟು ನಿಮಿಷದ ದಾರಿ. ದಾರಿಯಲ್ಲಿ ಆ ಆಲದ ಮರ, ಮರದ ಬುಡದಲ್ಲಿ ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದ ಕಾಲದ ಬಾವಿ. ಬಾವಿಯ ಬಾಯಿಗೆ ಈಗ ಕಬ್ಬಿಣದ ಜಾಲರಿ. ಜಾಲರಿಯ ಮೇಲೆ ಯಾರೋ ಕೇಬಲ್ಲಿನ ಸುರುಳಿ ಇಟ್ಟಿದ್ದಾರೆ.

ಆಲದ ಹಣ್ಣು ಬೇಲಿಯ ತಗಡಿನ ಮೇಲೆ ಬೀಳುತ್ತಿತ್ತು. ಟಪ್… ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಪ್.

ಬಾವಿಯ ಹತ್ತಿರ ಬಂದವಳು ಗಕ್ಕನೆ ನಿಂತಳು. ಹೆದರಿ ಅಲ್ಲ. ಅಪ್ಪನ ಆಸ್ಪತ್ರೆಯ ಫೈಲು ಕಾರಿನ ಹಿಂದಿನ ಸೀಟಿನಲ್ಲೇ ಉಳಿದಿದೆ ಅಂತ ನೆನಪಾಯಿತು. ಬೆಳಗಿನ ಜಾವ ಐದು ಗಂಟೆಗೆ ಹಲಸೂರಿನ ಆಸ್ಪತ್ರೆಯಲ್ಲಿ ಅಪ್ಪನ ಡಯಾಲಿಸಿಸ್. ಫೈಲನ್ನು ಬೆಳಿಗ್ಗೆ ಕಾರಿನಲ್ಲೇ ತೆಗೆದುಕೊಳ್ಳಬಹುದಿತ್ತು. ಆದರೆ ಗುರುವಾರ ಕೊಡಬೇಕಾದ ರಿಪೋರ್ಟಿನ ಫೋಟೋ ರಾತ್ರಿಯೇ ಕಳಿಸಿ ಅಂತ ನರ್ಸ್ ಎರಡು ಸಲ ಮೆಸೇಜ್ ಮಾಡಿದ್ದರು.

ಇಷ್ಟೇ. ಇದಕ್ಕೇ ಅವಳು ತಿರುಗಿ ನಡೆದದ್ದು.

ಅವಳ ಅಪ್ಪ ವೆಂಕಟಾಚಲ, ಸರ್ಕಾರಿ ಕಾರ್ಖಾನೆಯಿಂದ ರಿಟೈರ್ ಆದವರು. ವಾರಕ್ಕೆ ಮೂರು ಸಲ ಡಯಾಲಿಸಿಸ್. ದೊಡ್ಡಮ್ಮ ಆಗ ಲಿಂಗರಾಜಪುರದಲ್ಲಿ ದೊಡ್ಡ ಮಗಳ ಬಾಣಂತನಕ್ಕೆ ಹೋಗಿದ್ದರು. ಬೆಳಗಿನ ನಾಲ್ಕು ಗಂಟೆಗೆ ಕ್ಯಾಬ್ ಹಾಕಿದರೆ ಬರುತ್ತೇನೆ ಅಂದವನು ಬರುವುದಿಲ್ಲ, ಬಂದವನು ಅಗೆದ ಬೀದಿ ನೋಡಿ ವಾಪಸ್ ಹೋಗುತ್ತಾನೆ. ಹಾಗಾಗಿ ಮನೆಯ ಹಳೇ ಬಿಳಿ ಕಾರೇ ಗತಿ. ಆ ಕಾರಿಗೆ ಇಪ್ಪತ್ತೆಂಟು ವರ್ಷ, ಯಮುನಾಗಿಂತ ಒಂದು ವರ್ಷ ದೊಡ್ಡದು.

ಹಿಂದಿನ ವಾರ ಆ ಕಾರು ಹಳೇ ಮದ್ರಾಸ್ ರಸ್ತೆಯ ಮಧ್ಯೆ ಕುದಿದು ನಿಂತಿತ್ತು. ಡಯಾಲಿಸಿಸ್ ಮುಗಿಸಿ ಬರುತ್ತಿದ್ದ ಅಪ್ಪ, ತೋಳಿಗೆ ಹೊಸ ಬ್ಯಾಂಡೇಜು, ಬಿಸಿಲಿನಲ್ಲಿ ಡಿವೈಡರ್ ಮೇಲೆ ಎರಡು ಗಂಟೆ ಕೂತಿದ್ದರು. ಬ್ಯಾಂಡೇಜು ನಿಧಾನಕ್ಕೆ ಕೆಂಪಾಗುತ್ತಿದ್ದದ್ದನ್ನು ಅವಳು ನೋಡಿದ್ದಳು. ಬಾನೆಟ್ಟಿನಿಂದ ಹೊಗೆ ಏಳುತ್ತಿದ್ದರೂ ಡ್ಯಾಶ್‌ಬೋರ್ಡಿನ ಮೀಟರ್ ಮಾತ್ರ ಎಲ್ಲ ಸರಿಯಿದೆ ಅಂತ ಮಧ್ಯಕ್ಕೇ ನಿಂತಿತ್ತು. ಆಮೇಲೆ ನೋಡಿದರೆ ಒಳಗೆಲ್ಲೋ ಒಂದು ವೈರು ಕೊಳೆತಿತ್ತು.

ಅದಕ್ಕೇ ಆ ಬುಧವಾರ ಆಫೀಸಿನಿಂದ ನೇರವಾಗಿ ಶಿವಾಜಿನಗರಕ್ಕೆ ಹೋದದ್ದು. ಹಳೇ ಸಾಮಾನಿನ ಗಲ್ಲಿಯ ಕೊನೆಗೆ ಮುಕ್ತಾರ್ ಭಾಯ್ ಅವರ ಶೆಡ್ಡಿದೆ. ಈ ಕಾರಿಗೆ ಇಪ್ಪತ್ತು ವರ್ಷದಿಂದ ಕೈ ಹಾಕುತ್ತಿರುವವರು ಅವರೊಬ್ಬರೇ.

ಅವರು ಬೆಂಚಿನ ಮೇಲೆ ಎರಡು ಮೀಟರ್ ಇಟ್ಟರು. ಒಂದು ಹೊಸದು, ಡಬ್ಬಿಯಲ್ಲಿ. ಇನ್ನೊಂದು ಹಿತ್ತಾಳೆ ಅಂಚಿನ ಹಳೇದು. ಅದರ ಬೆನ್ನಿನಿಂದ ಸಣ್ಣ ತಾಮ್ರದ ಟ್ಯೂಬೊಂದು ಸುರುಳಿ ಸುತ್ತಿಕೊಂಡಿತ್ತು. ಟ್ಯೂಬಿನ ತುದಿಗೆ ಕಿರುಬೆರಳಿನಷ್ಟು ಉದ್ದದ ಒಂದು ಗುಂಡು.

"ಹೊಸದು ತಗೋ ಬೇಟಾ," ಅಂದರು. "ಎಲೆಕ್ಟ್ರಿಕಲ್ಲು. ಎಂಜಿನ್ನಿಗೆ ಒಂದು ಸೆನ್ಸರು, ಅಲ್ಲಿಂದ ಒಂದು ವೈರು, ಇಲ್ಲಿ ಮೀಟರು. ಅರ್ಧ ಗಂಟೆ ಕೆಲ್ಸ. ರಾತ್ರಿ ಲೈಟೂ ಬರತ್ತೆ, ಚೆನ್ನಾಗ್ ಕಾಣತ್ತೆ."

"ವೈರ್ ಕೈಕೊಟ್ರೆ?"

"ಬೇರೆ ವೈರ್ ಹಾಕೋದು."

"ಕೈಕೊಟ್ಟಿದೆ ಅಂತ ಹೇಗ್ ಗೊತ್ತಾಗತ್ತೆ ಮುಕ್ತಾರ್ ಭಾಯ್?"

ಅವರು ಸ್ಕ್ರೂಡ್ರೈವರಿನ ಹಿಡಿಯಲ್ಲಿ ಕಿವಿಯ ಹಿಂದೆ ಕೆರೆದುಕೊಂಡರು. 

"ಮತ್ತೆ ಇದು?" ಅವಳು ಹಳೇದನ್ನು ತೋರಿಸಿದಳು.

"ಅದು ಬೇಡ. ಮೆಕ್ಯಾನಿಕಲ್ಲು. ಗುಂಡು, ಟ್ಯೂಬು, ಮೀಟರು ಮೂರೂ ಸೇರಿ ಒಂದೇ ಸಾಮಾನು. ಒಳಗೆ ಗ್ಯಾಸ್ ತುಂಬಿ ಸೀಲ್ ಮಾಡಿರ್ತಾರೆ. ಗುಂಡು ಎಂಜಿನ್ ನೀರೊಳಗೆ ಕೂತಿರತ್ತೆ. ನೀರು ಬಿಸಿ ಆದ್ರೆ ಒಳಗಿರೋದು ಹಿಗ್ಗಿ ಬಂದು ಮುಳ್ಳು ತಳ್ಳತ್ತೆ, ಅಷ್ಟೇ. ಕರೆಂಟ್ ಬೇಡ, ಬ್ಯಾಟರಿ ಬೇಡ. ಟ್ಯೂಬ್ ಎಲ್ಲಾದ್ರೂ ಮುರೀತು ಅಂದ್ರೆ ಎಸೀಬೇಕು. ಬೆಸುಗೆ ಹಾಕಕ್ಕಾಗಲ್ಲ."

"ಕೀ ತೆಗೆದ್ರೂ ತೋರಿಸತ್ತಾ?"

"ಅದೇ ನಂಗ್ ಹಿಡಿಸಲ್ಲ ಅನ್ನೋದು. ಎಲೆಕ್ಟ್ರಿಕಲ್ಲು ನೀನು ಕೀ ತೆಗೆದ್ರೆ ಮಲಗತ್ತೆ. ಇದು ಮಲಗೋದೇ ಇಲ್ಲ."

"ಹಾಗಾದ್ರೆ ಇದೇ ಇರ್ಲಿ. ವೈರೇ ಇಲ್ವಲ್ಲ, ಸುಳ್ಳು ಹೇಳಕ್ಕೆ ಜಾಗಾನೇ ಇಲ್ಲ."

"ಯಾವ್ ಗಾಡೀದೋ ಏನೋ, ಗುಜರಿಯಿಂದ ಬಂದಿದ್ದು…"

"ಇದೇ ಇರ್ಲಿ ಭಾಯ್."

ಮುಕ್ತಾರ್ ಭಾಯ್ ನಿಟ್ಟುಸಿರು ಬಿಟ್ಟು ಗುಂಡನ್ನು ಅವಳ ಕೈಗೆ ಕೊಟ್ಟರು. ಆ ಗಲ್ಲಿಯಲ್ಲಿ ಹಳೇ ಮೀಟರ್ ಪರೀಕ್ಷೆ ಮಾಡುವುದೇ ಹಾಗಂತೆ. ಗುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಬೇಕು. ಕೈಯ ಬಿಸಿಗೆ ಮುಳ್ಳು ಮೇಲೆದ್ದರೆ ಮೀಟರಿಗೆ ಜೀವ ಇದೆ ಅಂತ. ಯಮುನಾ ಹಿಡಿದಳು. ಮುಳ್ಳು ಮಿಸುಕಿತು. ಇಪ್ಪತ್ತೈದು… ಮೂವತ್ತು… ಮೂವತ್ತೇಳಕ್ಕೆ ಬಂದು ನಿಂತಿತು.

"ಈಗ ಆ ಮಗ್ಗಲ್ಲಿ ಅದ್ದಿಬಿಡು," ಅನ್ನುತ್ತಾ ಅವರು ನಟ್ಟು ಹುಡುಕಲು ಆ ಕಡೆ ತಿರುಗಿದರು. ಬೆಂಚಿನ ಮೇಲೆ ನೀಲಿ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರಿತ್ತು. "ನಮ್ ಉಸ್ತಾದ್ ಮಾಡಿಸ್ತಿದ್ರು. ಕೈಯಿಂದ ಹಿಡಿದ ಜೀವ ನೀರಿಗೆ ಬಿಡಬೇಕು."

ಆಗಲೇ ಅವಳ ಫೋನ್ ಬಡಿದುಕೊಂಡಿತು. ಅಪ್ಪ.

"ಆಯ್ತೇನೇ? ಗಂಡು ನೋಡಕ್ಕೆ ಬಂದಾಗ ಹತ್ತು ನಿಮಿಷ ನೆಟ್ಟಗೆ ಕೂತ್ಕೊಳ್ಲಿಲ್ಲ. ಮೀಟರ್ ನೋಡಕ್ಕೆ ಮೂರು ಗಂಟೆ!"

ಅವಳು ನಕ್ಕಳು. ನಗುತ್ತಾ ಗುಂಡನ್ನು ಪಕ್ಕದ ಬಟ್ಟೆಯ ಮೇಲಿಟ್ಟು ಮಾತಿಗೆ ನಿಂತಳು. ಬಟ್ಟೆಯ ಮೇಲಿದ್ದದ್ದನ್ನು ಕಂಡು, ಅದ್ದಿ ಒರೆಸಿಟ್ಟಿದ್ದಾಳೆ ಅಂದುಕೊಂಡರು ಮುಕ್ತಾರ್ ಭಾಯ್. ತೆಗೆದುಕೊಂಡು ಹೋಗಿ ಎಂಜಿನ್ನಿಗೆ ತಿರುಪಿದರು. ಮಗ್ಗಿನ ನೀರು ಮಗ್ಗಿನಲ್ಲೇ ಉಳಿಯಿತು.

ಈಗ ಸೈಟಿನ ಗೇಟಿಗೆ ಬರೋಣ.

ಯಮುನಾ ಗೇಟು ತೆಗೆದು ಒಳಗೆ ಬಂದು, ಹಿಂದೆ ಎಳೆದು ಮುಚ್ಚಿದಳು. ಬೀದಿದೀಪದ ಬೆಳಕು ಬೇಲಿಯ ಆಚೆಗೇ ನಿಂತುಬಿಡುತ್ತಿತ್ತು. ಜಲ್ಲಿಯ ಮೇಲೆ ಚಪ್ಪಲಿ ಸದ್ದು, ಚರ್ ಚರ್. ಹಿಂದಿನ ಬಾಗಿಲು ಅಲುಗಲಿಲ್ಲ, ಅದು ಎಷ್ಟೋ ಸಲ ಹಾಗೇ. ಡ್ರೈವರ್ ಬಾಗಿಲು ತೆಗೆದು, ಒಳಗೆ ಕೂತು, ಹಿಂದಕ್ಕೆ ಕೈ ಚಾಚಿ ಫೈಲು ತೆಗೆದುಕೊಂಡಳು. ಹೊರಗೆ ಸೊಳ್ಳೆ ಮುತ್ತುತ್ತಿದ್ದವು. ಫೋಟೋ ಇಲ್ಲೇ ತೆಗೆದು ಕಳಿಸೋಣ ಅಂತ ಬಾಗಿಲು ಎಳೆದುಕೊಂಡಳು.

ಫೋಟೋ ಹೋಯಿತು. ತಲೆಯೆತ್ತಿದಳು.

ಮೀಟರ್ ಕಾಣುತ್ತಿತ್ತು. ಮುಳ್ಳಿಗೆ ಹಿಂದಿನ ಕಾಲದಲ್ಲಿ ಯಾರೋ ರೇಡಿಯಂ ಹಚ್ಚಿದ್ದರು. ಕತ್ತಲಲ್ಲಿ ಹಸಿರಾಗಿ, ಬಲು ಮಂಕಾಗಿ… ಮೂವತ್ತೇಳು.

ಕಾಲು ಗಂಟೆಯ ಹಿಂದೆ ಕಾರು ನಿಲ್ಲಿಸಿದಾಗ ಎಂಬತ್ತಿತ್ತು. ಎಂಜಿನ್ ಇಷ್ಟು ಬೇಗ ಆರುವುದಿಲ್ಲ. ಆರಿದರೂ ಹೀಗೆ ಒಂದು ಕಡೆ ಬಂದು ಗಟ್ಟಿಯಾಗಿ ನಿಲ್ಲುವುದಿಲ್ಲ. ಅವಳು ಬೆರಳಿನಿಂದ ಗಾಜು ತಟ್ಟಿದಳು.

ಮುಳ್ಳು ಮಿಸುಕಿತು. ಮೂವತ್ತೆಂಟು.

ಕೀ ಅವಳ ಕೈಯಲ್ಲಿತ್ತು.

ಮನೆಗೆ ಹೋಗಿಬಿಡೋಣ ಅಂದುಕೊಂಡಳು. ಬಾಗಿಲ ಹಿಡಿ ಎಳೆದಳು. ಬರಲಿಲ್ಲ. ಕಿಟಕಿಯ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಲಾಕಿನ ಗುಬ್ಬಿ ಕೆಳಗಿತ್ತು. ಉಗುರು ಹಾಕಿ ಮೇಲೆತ್ತಿದಳು. ಅರ್ಧ ಎದ್ದಿತು… ಮತ್ತೆ ಕೆಳಗೆ ಹೋಯಿತು. ಜೋರಾಗಿ ಅಲ್ಲ. ಮೆಲ್ಲಗೆ. ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವವರು ತೆಗೆದುಕೊಳ್ಳುವ ಹಾಗೆ.

ಎಡಗಡೆಯ ಬಾಗಿಲು. ಅದೂ ಅಷ್ಟೇ. ಕತ್ತಲಲ್ಲಿ ಬಾಗಿಲ ಅಂಚನ್ನು ಮೂಲೆಯಿಂದ ಮೂಲೆಗೆ ಬೆರಳಿನಿಂದ ಸವರಿ ನೋಡಿದಳು. ಗಾಜು ಇಳಿಸುವ ಹಿಡಿ ತಿರುಗಿಸಿದಳು. ಗರ… ಗರ… ಗರ… ಹಿಡಿ ಸುತ್ತುತ್ತಲೇ ಇತ್ತು, ಗಾಜು ಕೂದಲೆಳೆಯಷ್ಟೂ ಇಳಿಯಲಿಲ್ಲ. ಹಾರ್ನ್ ಒತ್ತಿದಳು. ಒತ್ತಿದ್ದು ಕೈಗೆ ಗೊತ್ತಾಯಿತು, ಕಿವಿಗೆ ಗೊತ್ತಾಗಲಿಲ್ಲ. ಸೀಟಿನ ಮೇಲೆ ಒರಗಿ ಎರಡೂ ಕಾಲಿನಿಂದ ಗಾಜಿಗೆ ಒದ್ದಳು. ಧಪ್. ಹಾಸಿಗೆಗೆ ಒದ್ದ ಹಾಗೆ.

ಫೋನಿನಲ್ಲಿ ನಾಲ್ಕು ಪರ್ಸೆಂಟ್ ಬ್ಯಾಟರಿ.

ಅಪ್ಪನಿಗೆ ಮಾಡಿದರೆ ಅವರು ಒಂದು ಕ್ಷಣ ಕೂರುವುದಿಲ್ಲ. ಅಗೆದ ಬೀದಿಯಲ್ಲಿ, ಕತ್ತಲಲ್ಲಿ, ಊದಿದ ಕಾಲಿನಲ್ಲಿ ಎದ್ದು ಬರುತ್ತಾರೆ. ಗುಂಡಿಗೆ ಬಿದ್ದರೆ? ಪೊಲೀಸರಿಗೆ ಏನಂತ ಹೇಳುವುದು, ನನ್ನ ಕಾರಿನ ಮೀಟರಿಗೆ ಜ್ವರ ಬಂದಿದೆ ಅಂತಲಾ? ಅವಳು ಮುಕ್ತಾರ್ ಭಾಯ್‌ಗೆ ಮಾಡಿದಳು.

ಆರು ರಿಂಗಾದ ಮೇಲೆ ಎತ್ತಿದರು. ಪಿಸುದನಿ. "ಬೇಟಾ? ಏನಾಯ್ತು? ಮೊಮ್ಮಗು ಮಲಗಿದೆ, ಮೆಲ್ಲಗೆ ಹೇಳು."

"ಭಾಯ್… ಮೀಟರ್ ಏರ್ತಿದೆ. ಕೀ ನನ್ ಕೈಲಿದೆ."

"ಎಷ್ಟಿದೆ?"

"ಮೂವತ್ತೊಂಬತ್ತು. ಬಾಗ್ಲು ತೆಗಿಯಕ್ಕಾಗ್ತಿಲ್ಲ."

ಆ ಕಡೆ ಮಂಚ ಕಿರುಗುಟ್ಟಿತು. ಆಮೇಲೆ ಇನ್ನೂ ಮೆಲ್ಲಗೆ, "ಗುಂಡು ನೀರಲ್ಲಿ ಅದ್ದಿದ್ಯಾ?"

"…ಇಲ್ಲ."

"ಯಾ ಅಲ್ಲಾ."

"ಭಾಯ್, ಎಂಜಿನ್ನಲ್ಲಿರೋದೂ ನೀರೇ ತಾನೆ? ಅದ್ರಲ್ಲೇ ತಾನೆ ಅದು ಕೂತಿರೋದು?"

"ಅದು ಮುಚ್ಚಿದ ನೀರು ಬೇಟಾ. ಅದ್ರಲ್ಲಿ ಬಿಟ್ರೆ ಎಲ್ಲಿಗ್ ಹೋಗತ್ತೆ? ಎಲ್ಲಿದ್ದೀಯಾ ನೀನು? ಗಾಡಿ ತೆಗೀತೀನಿ, ಎಲ್ಲಿ…"

ಫೋನ್ ಸತ್ತಿತು.

ಕಾರಿನೊಳಗೆ ಈಗ ಬೆಳಕು ಅಂದರೆ ಆ ಮುಳ್ಳೊಂದೇ. ನಲವತ್ತು.

ಟಿಕ್.

ಎಂಜಿನ್ ಆರುವಾಗ ಹಾಗೆ ಸದ್ದು ಬರುತ್ತದೆ, ಕಾರು ಇರುವವರಿಗೆಲ್ಲ ಗೊತ್ತು. ಮೊದಲು ಬೇಗ ಬೇಗ ಟಿಕ್ ಟಿಕ್ ಟಿಕ್, ಆಮೇಲೆ ನಿಧಾನ, ಆಮೇಲೆ ಇಲ್ಲ. ಇದು ತಿರುಗಾಮುರುಗಾ ಇತ್ತು. ಟಿಕ್… ಬಹಳ ಹೊತ್ತು ಬಿಟ್ಟು, ಟಿಕ್… ಆಮೇಲೆ ಸ್ವಲ್ಪ ಬೇಗ… ಆಮೇಲೆ ಇನ್ನೂ ಬೇಗ.

ಫ್ಯಾನು ಹಾಕಿರಲಿಲ್ಲ. ಆದರೂ ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಬೆಚ್ಚಗಿನ ತೇವದ ಗಾಳಿ ಮುಖಕ್ಕೆ ಬಡಿಯಿತು. ಮುಂದಿನ ಗಾಜು ಕೆಳಗಿನಿಂದ ಮಸುಕಾಯಿತು. ಗಾಳಿ ನಿಂತಿತು, ಮಸುಕು ಕರಗಿತು. ಮತ್ತೆ ಬಂತು, ಮತ್ತೆ ಮಸುಕು. ಎಷ್ಟು ಹೊತ್ತಿಗೊಮ್ಮೆ ಅಂತ ಅವಳು ಎಣಿಸಲಿಲ್ಲ. ಎಣಿಸುವುದು ಬೇಕಿರಲಿಲ್ಲ. ಅವಳ ಎದೆಯೂ ಅಷ್ಟೇ ಹೊತ್ತಿಗೊಮ್ಮೆ ಏರಿಳಿಯುತ್ತಿತ್ತು.

ಅವಳು ಉಸಿರು ಹಿಡಿದಳು.

ಗಾಜಿನ ಮಸುಕು ಹಾಗೇ ನಿಂತಿತು.

ಬಿಟ್ಟಳು. ಗಾಳಿ ಬಂತು.

ಅವಳಿಗೆ ಅಳು ಬಂತು. ಬಾಗಿಲ ಹಿಡಿಯನ್ನು ಎರಡು ಸಲ ಜಗ್ಗಿ, ಅಂಗೈಯಿಂದ ಬಾಗಿಲಿಗೆ ಒಂದು ಏಟು ಹೊಡೆದಳು. ಟಕ್, ಟಕ್, ಧಪ್.

ಬಾನೆಟ್ಟಿನ ಒಳಗಿನಿಂದ, ಅವಳ ಮೊಣಕಾಲಿನ ಆಚೆ, ತಗಡಿನ ಆ ಪಕ್ಕದಿಂದ…

ಟಕ್, ಟಕ್. ಧಪ್.

ಯಮುನಾ ಕಾಲುಗಳನ್ನು ಸೀಟಿನ ಮೇಲಕ್ಕೆ ಎಳೆದುಕೊಂಡಳು. ಎಷ್ಟು ಹೊತ್ತು ಹಾಗೆ ಮುದುಡಿ ಕೂತಿದ್ದಳೋ. ದೂರದಲ್ಲಿ ರೈಲ್ವೆ ಗೇಟಿನ ಗಂಟೆ ಹೊಡೆದುಕೊಂಡಿತು, ಒಂದು ಗೂಡ್ಸ್ ಗಾಡಿ ಹೋಯಿತು. ಡಬ್ಬಿಯ ಮೇಲೆ ಡಬ್ಬಿ ದಾಟುವ ಸದ್ದು ಮುಗಿಯುವವರೆಗೂ ಒಳಗಿನದು ಸುಮ್ಮನಿತ್ತು. ಅದೂ ಕೇಳಿಸಿಕೊಳ್ಳುತ್ತಿದ್ದ ಹಾಗೆ. ಆಮೇಲೆ ಕೆರೆತ ಶುರುವಾಯಿತು. ಕೆರ್… ಕೆರ್… ತಗಡಿನ ಅಂಚನ್ನು ಹಿಡಿದುಕೊಂಡು ಮೂಲೆಯಿಂದ ಮೂಲೆಗೆ, ಮೇಲಿನಿಂದ ಕೆಳಕ್ಕೆ. ಹೊಡೆಯುವ ಸದ್ದಲ್ಲ. ಬೆರಳಿನಿಂದ ಸವರುವ ಸದ್ದು.

ಮುಳ್ಳು ನಲವತ್ತೊಂದು.

ಆಗ ಅವಳಿಗೆ ಹೊಳೆದದ್ದು. ಈಗ ತಾನೇ ನಾನೂ ಈ ಬಾಗಿಲನ್ನು ಹೀಗೇ ಸವರಿದ್ದೆ. ಅಂಚು ಹಿಡಿದು, ಮೂಲೆಯಿಂದ ಮೂಲೆಗೆ. ಚಿಲಕ ಎಲ್ಲಿದೆ ಅಂತ.

ಅದು ಒಳಗೆ ಬರಲು ನೋಡುತ್ತಿಲ್ಲ. ಹೊರಗೆ ಹೋಗಲು ನೋಡುತ್ತಿದೆ.

"ನಿಂಗೂ ತೆಗಿಯಕ್ಕೆ ಬರ್ತಿಲ್ವಾ?" ಅಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಕೆರೆತ ನಿಂತಿತು.

ಸ್ಟೀರಿಂಗಿನ ಕೆಳಗೆ, ಬಲಮೊಣಕಾಲಿನ ಹತ್ತಿರ, ಬಾನೆಟ್ಟು ಬಿಡಿಸುವ ಹಿಡಿ ಇದೆ. ಅವಳ ಕೈ ಅಲ್ಲಿಗೆ ಹೋಯಿತು, ಅಲ್ಲೇ ನಿಂತಿತು. ತೆಗೆದರೆ ಅದು ಹೊರಗೆ. ಆದರೆ ಅವಳು ಇನ್ನೂ ಒಳಗೆ. ಅದು ಹೊರಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ, ಯಾವ ಬಾಗಿಲಿಗೆ ಬರುತ್ತದೆ, ಯಾರಿಗೆ ಗೊತ್ತು? ತೆಗೆಯದಿದ್ದರೆ… ಐದು ಗಂಟೆಗೆ ಆಸ್ಪತ್ರೆಯಲ್ಲಿ ಹೆಸರು ಕೂಗುತ್ತಾರೆ. ಅಪ್ಪ ಕಾದು ಕಾದು, ಫೋನ್ ಮಾಡಿ ಮಾಡಿ, ಕೊನೆಗೆ ಟಾರ್ಚ್ ಹಿಡಿದು ಅಗೆದ ಬೀದಿಗೆ ಇಳಿಯುತ್ತಾರೆ. ಒಂದು ಸರದಿ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಒಂದು ಸಲ ನೋಡಿದ್ದಳು. ಮುಖ ಊದಿ, ಮಲಗಲಾರದೆ, ರಾತ್ರಿಯಿಡೀ ಗೋಡೆಗೆ ಒರಗಿ ಗಾಳಿಗಾಗಿ ಬಾಯಿ ತೆರೆದು ಕೂತಿದ್ದರು.

ಅವಳು ಹಿಡಿ ಎಳೆದಳು.

ಠಕ್.

ಬಾನೆಟ್ಟು ಎರಡು ಬೆರಳಿನಷ್ಟು ಎದ್ದು ನಿಂತಿತು. ಅಷ್ಟೇ ಏಳುವುದು ಅದು. ಓಡುವಾಗ ಹಾರಿಹೋಗದಿರಲಿ ಅಂತ ಮುಂದುಗಡೆ ಇನ್ನೊಂದು ಕೊಕ್ಕೆ ಇರುತ್ತದೆ. ಅದನ್ನು ಕಾರಿನ ಮುಂದೆ ನಿಂತು, ಸಂದಿನಲ್ಲಿ ಬೆರಳು ತೂರಿಸಿ ಎತ್ತಬೇಕು. ಅದು ಯಮುನಾಗೆ ಆಗಲೇ ನೆನಪಾದದ್ದು. ಅವಳು ಹಣೆಯನ್ನು ಸ್ಟೀರಿಂಗಿಗೆ ಒರಗಿಸಿಬಿಟ್ಟಳು.

ಮುಂದುಗಡೆ ಮೆಲ್ಲಗೆ ಒಂದು ಸದ್ದಾಯಿತು. ಕ್ಲಿಕ್.

ಕೊಕ್ಕೆ.

ಬಾನೆಟ್ಟು ಏಳಲು ಶುರುವಾಯಿತು. ತುಕ್ಕು ಹಿಡಿದ ಕೀಲು ಕಿರ್ರ್… ಅನ್ನುತ್ತಿತ್ತು. ಎದ್ದು, ಎದ್ದು, ಮುಂದಿನ ಗಾಜಿಗೆ ಅಡ್ಡಲಾಗಿ ನಿಂತಿತು. ಅವಳ ಕಣ್ಣೆದುರು ಬಿಳಿ ತಗಡು, ಇನ್ನೇನೂ ಇಲ್ಲ. ಕಾರಿನ ಮುಂಭಾಗ ಒಂದು ಸಲ ಕುಗ್ಗಿತು. ಯಾರೋ ಒಬ್ಬರು ಅಂಚಿನ ಮೇಲೆ ಭಾರ ಬಿಟ್ಟು ಕಾಲು ದಾಟಿಸುವಾಗ ಕುಗ್ಗುವಷ್ಟು. ಆಮೇಲೆ ಸ್ಪ್ರಿಂಗು ಕ್ರೀಕ್ ಅಂದು ಮೇಲೆದ್ದಿತು.

ಜಲ್ಲಿ ಸರಿಯಿತು. ಚರ್.

ಚರ್… ಚರ್… ಬಲಗಡೆಗೆ ಬಂತು. ಅವಳ ಬಾಗಿಲಿನ ಪಕ್ಕಕ್ಕೇ ಬಂತು. ಅಲ್ಲಿ ನಿಂತಿತು. ಯಮುನಾ ಆ ಕಡೆ ತಿರುಗಲಿಲ್ಲ. ತಿರುಗಿದ್ದರೆ ಏನು ಕಾಣುತ್ತಿತ್ತೋ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ ಅನ್ನುತ್ತಾಳೆ. ಅವಳು ನೋಡಿದ್ದು ಲಾಕಿನ ಗುಬ್ಬಿಯನ್ನು ಮಾತ್ರ.

ಗುಬ್ಬಿ ಮೇಲೆದ್ದಿತು. ಟಕ್.

ಹೆಜ್ಜೆ ಮುಂದೆ ಹೋಯಿತು. ನಾಲ್ಕು… ಐದು… ಆರು. ಏಳನೆಯದು ಕೇಳಿಸಲಿಲ್ಲ. ಗೇಟು ತೆಗೆದ ಸದ್ದೂ ಆಗಲಿಲ್ಲ.

ಮುಳ್ಳು ಇಳಿಯುತ್ತಿತ್ತು. ನಲವತ್ತು… ಮೂವತ್ತು… ಇಪ್ಪತ್ತೊಂದಕ್ಕೆ ಬಂದು ಸುಮ್ಮನಾಯಿತು. ಅಕ್ಟೋಬರಿನ ರಾತ್ರಿಯ ಚಳಿ ಎಷ್ಟಿರುತ್ತದೋ ಅಷ್ಟು.

ಅವಳು ಬಾಗಿಲು ತಳ್ಳಿ ಹೊರಗೆ ಬಿದ್ದಳು. ಓಡಿದಳು. ಒಳಗೆ ಇದ್ದದ್ದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಅಂತ ಅವಳ ಲೆಕ್ಕ. ಆಲದ ಮರದ ಹತ್ತಿರ ಬರುವಷ್ಟರಲ್ಲಿ ಹಾಲಿನ ಕ್ರೇಟು ಹೊತ್ತ ಗಾಡಿ ಎದುರಾಯಿತು. ಬೀದಿಯ ತುದಿಯಲ್ಲಿ, ಅಗೆದ ಮಣ್ಣಿನ ಗುಡ್ಡೆಯ ಈಚೆಗೆ, ಟಾರ್ಚ್ ಬೆಳಕು ಆಡುತ್ತಿತ್ತು. ಅಪ್ಪ. ಹೆಗಲಿಗೆ ಟವಲು, ಕೈಯಲ್ಲಿ ಫ್ಲಾಸ್ಕು.

"ಎಲ್ಲೇ ಹೋಗಿದ್ದೆ? ಫೋನಿಗೆ ಏನಾಗಿದೆ ನಿಂದು? ನಾಲ್ಕೂ ಕಾಲು!"

ಅವಳು ಅವರ ಮುಖ ನೋಡಿದಳು. ಆಗಲೇ ಕಣ್ಣಿನ ಕೆಳಗೆ ಊದಿಕೊಂಡಿತ್ತು.

"ಕಾರು ನೋಡಕ್ ಹೋಗಿದ್ದೆ ಅಪ್ಪಾ."

"ಕಾರು ಎಲ್ಲಿ?"

ಅವಳು ತಿರುಗಿ ಸೈಟಿನ ಕಡೆ ನೋಡಿದಳು. "ತರ್ತೀನಿ. ಇಲ್ಲೇ ನಿಂತಿರಿ. ಗುಂಡಿ ಹತ್ರ ಬರ್ಬೇಡಿ."

ಹೌದು, ಅವಳು ವಾಪಸ್ ಹೋದಳು. ನಾನಾಗಿದ್ದರೆ ಹೋಗುತ್ತಿರಲಿಲ್ಲ ಅಂತ ನೀವು ಅನ್ನಬಹುದು. ಐದು ಗಂಟೆಯ ಹೆಸರು ನಿಮ್ಮಪ್ಪನದಾಗಿರಲಿಲ್ಲ. ಗೇಟು ಅವಳು ಬಿಟ್ಟುಬಂದ ಹಾಗೇ ತೆರೆದಿತ್ತು. ಬಾನೆಟ್ಟು ಎದ್ದೇ ಇತ್ತು. ಒಳಗೆ ಬಗ್ಗಿ ನೋಡದೆ ಅದನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿದಳು. ಕೂತಳು. ಕೀ ತಿರುಗಿಸಿದಳು. ಒಂದೇ ಸಲಕ್ಕೆ ಹತ್ತಿತು.

ಹಲಸೂರಿನವರೆಗೂ ಅವಳು ರಸ್ತೆ ನೋಡಿದ್ದಕ್ಕಿಂತ ಮುಳ್ಳು ನೋಡಿದ್ದೇ ಹೆಚ್ಚು. ಅದು ನಿಧಾನವಾಗಿ ಏರಿ ಎಂಬತ್ತಕ್ಕೆ ಬಂದು ನಿಂತಿತು.

"ಒಳ್ಳೇ ಮೀಟರು ಕಣೇ," ಅಂದರು ಅಪ್ಪ. "ನೋಡು, ಅಲ್ಲಾಡೋದೇ ಇಲ್ಲ. ಮುಕ್ತಾರಂಗೆ ಹೇಳ್ಬೇಕು."

ಐದಕ್ಕೆ ಐದು ನಿಮಿಷ ಇತ್ತು. ಹೆಸರು ಕೂಗಿದರು. ಅಪ್ಪ ಒಳಗೆ ಹೋದರು.

ಡಯಾಲಿಸಿಸ್ ಮುಗಿಯಲು ನಾಲ್ಕು ಗಂಟೆ. ಆರೂವರೆಗೆ ಅವಳು ಶಿವಾಜಿನಗರದಲ್ಲಿದ್ದಳು. ಮುಕ್ತಾರ್ ಭಾಯ್ ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದರು, ಕಣ್ಣು ಕೆಂಪು. ರಾತ್ರಿಯೆಲ್ಲ ಅವಳ ನಂಬರಿಗೆ ಫೋನ್ ಹಚ್ಚುತ್ತಲೇ ಇದ್ದರಂತೆ. ಅವಳು ಹೇಳಿದ್ದನ್ನೆಲ್ಲ ಕೇಳಿದರು.

"ತೆಗೆದು ಎಸೀತೀನಿ," ಅಂದರು ಕೊನೆಗೆ. "ಎಲೆಕ್ಟ್ರಿಕಲ್ ಹಾಕ್ತೀನಿ."

"ಬೇಡ ಭಾಯ್. ತೆಗೆದು ನೀರಲ್ಲಿ ಅದ್ದಿ, ವಾಪಸ್ ಇದನ್ನೇ ಹಾಕಿ."

"ತಲೆ ಕೆಟ್ಟಿದ್ಯಾ?"

"ಯಾರೋ ಇದಾರೆ ಅಂತ ತೋರಿಸ್ತು. ಇದ್ರು. ಹೋದ್ರು ಅಂತ ತೋರಿಸ್ತು. ಹೋಗಿದ್ರು. ಸುಳ್ಳೇನ್ ಹೇಳಿದೆ?"

ಅವರು ಗೊಣಗುತ್ತಾ ಬಾನೆಟ್ಟು ಎತ್ತಿದರು. ಗುಂಡು ಬಿಚ್ಚಬೇಕಾದರೆ ಮೊದಲು ಎಂಜಿನ್ನಿನ ನೀರು ಇಳಿಸಬೇಕು. ರೇಡಿಯೇಟರಿನ ಕೆಳಗೆ ಒಂದು ಬಾಂಡ್ಲಿ ಇಟ್ಟು ತಿರುಪು ಬಿಚ್ಚಿದರು. ಬಾಂಡ್ಲಿ ಖಾಲಿಯಾಗೇ ಇತ್ತು. ತಿರುಪನ್ನು ಪೂರ್ತಿ ತೆಗೆದರು. ಒಂದು ಹನಿ ಬರಲಿಲ್ಲ. ಮೇಲಿನ ಮುಚ್ಚಳ ತೆಗೆದರು. ಬಿಸಿ ಎಂಜಿನ್ನಿನ ಮುಚ್ಚಳವನ್ನು ಬರಿಗೈಯಲ್ಲಿ ಯಾರೂ ಮುಟ್ಟುವುದಿಲ್ಲ, ಅವರು ಮುಟ್ಟಿದ್ದು ಅದು ತಣ್ಣಗಿದ್ದದ್ದಕ್ಕೆ. ಬೆರಳು ಒಳಗೆ ಹಾಕಿದರು. ಬೆರಳಿಗೆ ಒಣ ತುಕ್ಕಿನ ಪುಡಿ ಹತ್ತಿತು. ಪೈಪುಗಳನ್ನು ಒಂದೊಂದಾಗಿ ಹಿಸುಕಿದರು, ಕಾರಿನ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದರು. ಎಲ್ಲೂ ಸೋರಿದ ಗುರುತಿಲ್ಲ.

ಎದ್ದು ಬಂದು ಅಂಗೈಯನ್ನು ಎಂಜಿನ್ನಿನ ಮೇಲಿಟ್ಟರು. ಹಾಗೇ ಇಟ್ಟುಕೊಂಡು ನಿಂತರು.

"ಇದನ್ನ ಎಳಿಸ್ಕೊಂಡು ಬಂದ್ಯಾ ಬೇಟಾ?"

"ಇಲ್ಲ. ಓಡಿಸ್ಕೊಂಡು ಬಂದೆ."

"ಎಲ್ಲಿಂದ?"

"ಕಗ್ಗದಾಸಪುರದಿಂದ ಹಲಸೂರು. ಅಲ್ಲಿಂದ ಇಲ್ಲಿಗೆ. ಮುಳ್ಳು ಎಂಬತ್ತರಲ್ಲೇ ಇತ್ತು."

ಮುಕ್ತಾರ್ ಭಾಯ್ ಎಂಜಿನ್ನಿನ ಮೇಲಿಂದ ಕೈ ತೆಗೆದರು. ಗುಂಡು ಬಿಚ್ಚಿ, ಮಗ್ಗಿನ ನೀರಿನಲ್ಲಿ ಅದ್ದಿ, ವಾಪಸ್ ಕೂರಿಸಿ ತಿರುಪು ಹಾಕಿದರು. ಲೀಟರಿನ ಕ್ಯಾನು ತಂದು, ಅವಳ ಎದುರಿಗೇ ಅಳೆದು ಅಳೆದು ನೀರು ಸುರಿದರು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಅರ್ಧ. ಅಲ್ಲಿಗೆ ತುಂಬಿತು.

ಒಳಗೆ ಹಿಡಿಯುವುದೇ ಅಷ್ಟು, ಅಂದರೆ ಇದ್ದ ನೀರೆಲ್ಲ ಆ ರಾತ್ರಿ ಜಲ್ಲಿಯ ಮೇಲೆ ನಡೆದುಹೋಗಿತ್ತು. ಆ ಕ್ಯಾನಿನ ಲೆಕ್ಕ ಅವಳು ಕಣ್ಣಾರೆ ನೋಡಿದ್ದು, ನನಗೆ ಹೇಳಿದ್ದೂ ಅವಳೇ. ಅವಳು ಇಲ್ಲದ್ದನ್ನು ಹೇಳುವವಳಲ್ಲ. ನಾಲ್ಕೂವರೆ ಲೀಟರು.